ಅಪ್ಪಯ್ಯ ಹುಡುಕಿದ ಮುಖ

ಸಾಗರದ ಬಸ್ ನಿಲ್ದಾಣದ ಕ್ಯಾಂಟೀನಿನಲ್ಲಿ ಬನ್ಸ್ ಕರಿಯುವ ವಾಸನೆ ಬಂದರೆ ನನಗೆ ಹಸಿವಿಗಿಂತ ಮೊದಲು ಅಪ್ಪಯ್ಯನ ನೆನಪಾಗುತ್ತದೆ. ಹಸಿವು ಆಮೇಲೆ ಆಗಿಯೇ ಆಗುತ್ತದೆ, ಆ ಮಾತು ಬೇರೆ. ಮೊನ್ನೆ ಅಕ್ಕನನ್ನು ಕರೆತರಲು ಹೋದಾಗಲೂ ಹಾಗೇ ಆಯಿತು.

ಅಕ್ಕನನ್ನು ತೀರ್ಥಹಳ್ಳಿ ಕಡೆಯ ಮೇಳಿಗೆಗೆ ಕೊಟ್ಟದ್ದು. ಮದುವೆಯಾಗಿ ಹೊರಟ ದಿನ ಬಸ್ಸಿನ ಕಿಟಕಿಗೆ ಮುಖ ಒತ್ತಿ ಅತ್ತಳು ನೋಡಿ, ಆ ಮುಖವನ್ನು ಅಪ್ಪಯ್ಯ ಹಾಗೇ ಎದೆಯಲ್ಲಿಟ್ಟುಕೊಂಡುಬಿಟ್ಟರು. "ಕೂಸು ಅಲ್ಲಿ ಹೇಗಿದೆಯೋ" ಎನ್ನುತ್ತ ತುತ್ತು ಕೈಯಲ್ಲೇ ಹಿಡಿದು ಕೂತಿರುತ್ತಿದ್ದರು. ಮಳೆಗಾಲ ಕಳೆದು ಅವಳು ಮೊದಲ ಸಲ ತವರಿಗೆ ಬರುವಾಗ ನಾವಿಬ್ಬರೂ ಇದೇ ನಿಲ್ದಾಣಕ್ಕೆ ಬಂದೆವು.

ಹೊಸನಗರದ ಮೇಲೆ ಬರುವ ಬಸ್ಸು ನಿಂತಿತು. ಅಪ್ಪಯ್ಯ ಕತ್ತು ಚಾಚಿ, ಇಳಿಯುವವರಲ್ಲಿ ಸಪ್ಪೆ ಮುಖಗಳನ್ನಷ್ಟೇ ಆರಿಸತೊಡಗಿದರು. ತಿರುವುಗಳಿಗೆ ವಾಂತಿ ಮಾಡಿಕೊಂಡ ಮಗು, ಕಂಡಕ್ಟರನ ಹತ್ತಿರ ಜಗಳವಾಡಿದ ಅಜ್ಜಿ, ಎಲ್ಲರೂ ಅವರ ಕಣ್ಣಿಗೆ ಬಿದ್ದರು. ಎದುರಿಗೇ ಮಲ್ಲಿಗೆ ಮುಡಿದು ನಗುತ್ತ ನಿಂತವಳಿಗೆ ಮಾತ್ರ "ಸ್ವಲ್ಪ ಆಚೆ ನಿಲ್ಲಮ್ಮ, ನನ್ನ ಮಗಳು ಇಳೀತಾಳೆ" ಎಂದರು.

"ಎಂತ ಅಪ್ಪಯ್ಯ! ಮದುವೆ ಮಾಡಿ ಕೊಟ್ಮೇಲೆ ಮುಖನೂ ಮರ್ತುಹೋಯ್ತಾ?"

"ನೀ ನಗ್ತಾ ಬರ್ತೀ ಅಂತ ಯಾರಿಗೆ ಗೊತ್ತಿತ್ತೇ ಮಾರಾಯ್ತಿ!"

ನಾನು ಬಿದ್ದು ಬಿದ್ದು ನಕ್ಕೆ. ಅಪ್ಪಯ್ಯ ನಗಲಿಲ್ಲ. ಕ್ಯಾಂಟೀನಿನಲ್ಲಿ ಅವಳಿಗೆ ಬನ್ಸ್ ಕೊಡಿಸಿ, ಆ ನಗು ನಿಜದ್ದೇ ಹೌದೋ ಎಂದು ನೋಡುತ್ತ ಕೂತರು. ಅವಳು ಇನ್ನೊಂದು ಬೇಕೆಂದ ಮೇಲೆಯೇ ತಮ್ಮ ತಟ್ಟೆಗೆ ಕೈ ಹಾಕಿದ್ದು.

ಈ ಕಥೆ ಹೇಳಿ ನಾನು ನಗಿಸದ ಮದುವೆಮನೆ ಇಲ್ಲ. ಕಣ್ಣು ಎದುರಿಗಿದ್ದದ್ದನ್ನು ನೋಡುತ್ತದೆ ಎಂದುಕೊಂಡಿರುತ್ತೇವೆ, ನೀವೂ ನಾನೂ. ಮನಸ್ಸಿಗೆ ಅಂಟಿಕೊಂಡ ಮುಖವೊಂದಿದ್ದರೆ ಕಣ್ಣು ಹುಡುಕುವುದು ಅದನ್ನೇ.

ಮೊನ್ನೆ ಬಸ್ಸು ಬಂತು. ನನಗೆ ದೊಡ್ಡದೊಂದು ಆಪರೇಷನ್ ಆದಾಗ ಆಸ್ಪತ್ರೆಯಲ್ಲಿ ನೋಡಿ ಹೋದ ಅಕ್ಕ ಆಮೇಲೆ ಬರುತ್ತಿದ್ದುದು ಇದೇ ಮೊದಲು. ಅವಳು ಹೆದರಬಾರದೆಂದು ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಟ್ಟು, ಬಸ್ಸಿನ ಬಾಗಿಲಿಗೆ ಎದುರಾಗಿ ಹಲ್ಲು ಕಿರಿದು ನಿಂತಿದ್ದೆ. ಅಕ್ಕ ಮೆಟ್ಟಿಲ ಮೇಲೇ ನಿಂತು, ಅಪ್ಪಯ್ಯನ ಹಾಗೇ ಕತ್ತು ಚಾಚಿ, ನನ್ನನ್ನು ದಾಟಿ ಬೆಂಚಿನಲ್ಲಿ ಸೋತು ಕೂತವರನ್ನೆಲ್ಲ ನೋಡಿದಳು.

"ಸ್ವಲ್ಪ ಆಚೆ ನಿಲ್ರೀ, ನನ್ನ ತಮ್ಮ ಬಂದಿರ್ತಾನೆ."

ಇಷ್ಟು ವರ್ಷ ಹೇಳಿ ನಗಿಸಿದ ಮಾತು. ಈ ಸಲ ನಗಲಾಗಲಿಲ್ಲ. ಇಷ್ಟು ದಿನ ಅವಳು ನನ್ನ ಯಾವ ಮುಖ ಹೊತ್ತು ತಿರುಗಿದ್ದಳೆಂದು ತಿಳಿದು ಕಣ್ಣು ತುಂಬಿಬಿಟ್ಟಿತು. ಆಗ ಅವಳ ನೋಟ ತಟ್ಟನೆ ನನ್ನ ಮೇಲೆ ನಿಂತಿತು.

"ಅಯ್ಯೋ, ಇಲ್ಲೇ ಇದೀಯಲ್ಲೋ!"

ಕ್ಯಾಂಟೀನಿಗೆ ಹೋದೆವು. ನಾನು ಎರಡನೆಯ ಬನ್ಸ್ ಕೇಳುವವರೆಗೂ ಅಕ್ಕ ತನ್ನದನ್ನು ಮುಟ್ಟಲಿಲ್ಲ.