ತೂಫಾನನ ಸಾವಿಗೆ ಸಾಕ್ಷಿ

ಇಲಕಲ್ಲಿನ ಗ್ರಾನೈಟ್ ವ್ಯಾಪಾರಿ ಅಂದಪ್ಪನವರ ಮನೆಯಲ್ಲಿ ನಜೀರಸಾಬನಿಗಿದ್ದದ್ದು ಒಂದೇ ಕೆಲಸ, ನಾಯಿ ನೋಡಿಕೊಳ್ಳುವುದು. ಮುಧೋಳದಿಂದ ಮರಿಯಾಗಿ ತಂದ ಬೇಟೆನಾಯಿ. ಸಣ್ಣ ನಡು, ಉದ್ದ ಕಾಲು, ಹೆಸರು ತೂಫಾನ. ಬೆಳಗಾವಿಯ ಪ್ರದರ್ಶನದಲ್ಲಿ ಅದು ಬಹುಮಾನ ಗೆದ್ದ ಮೇಲಂತೂ ಅಂದಪ್ಪನವರು ಮನೆಗೆ ಬಂದವರಿಗೆ ಮೊದಲು ನಾಯಿ ತೋರಿಸಿ, ಆಮೇಲೆ ಕಲ್ಲಿನ ಮಾತು ತೆಗೆಯುತ್ತಿದ್ದರು.

ನಜೀರಸಾಬ ಮೊದಲು ಅವರ ಖಣಿಯಲ್ಲೇ ಕಲ್ಲು ಒಡೆಯುತ್ತಿದ್ದವನು. ಧೂಳು ಎದೆಗಿಳಿದು ಕೆಮ್ಮು ಹತ್ತಿದಾಗ ಅಂದಪ್ಪನವರೇ, "ಖಣಿ ಸಾಕು, ಮನಿಗೆ ಬಂದು ನಾಯಿ ನೋಡ್ಕೋ" ಎಂದು ಕರೆದಿದ್ದರು. ಅದು ದೊಡ್ಡ ಉಪಕಾರವೆಂದು ಅವನೂ ಹೆಂಡತಿ ರಂಜಾನಬಿಯೂ ಬಹಳ ದಿನ ನಂಬಿದ್ದರು. ಬರಬರುತ್ತ ಅವನಿಗೆ ಅದು ಕೆಲಸವೆನ್ನುವುದೇ ಮರೆಯಿತು. ನಾಯಿಗೆ ಜ್ವರ ಬಂದರೆ ಇವನಿಗೆ ಊಟ ಸೇರುತ್ತಿರಲಿಲ್ಲ.

೧೯೮೪ರಲ್ಲಿ ಲಾರಿಗಳ ವಿಮೆ ಮಾಡಿಸಲು ಬಂದ ಏಜೆಂಟ, "ನಾಯಿಗೂ ಐತ್ರಿ ಸಾವ್ಕಾರ್ರ, ಅಪಘಾತಕ್ಕೂ ಸಿಗ್ತೈತಿ" ಎಂದ. ಅಂದಪ್ಪನವರು ನಕ್ಕು ಸಹಿ ಹಾಕಿದರು.

ಮರುವರ್ಷದ ಬೇಸಿಗೆಯಲ್ಲಿ, ಎಂದಿನಂತೆ ನಜೀರಸಾಬ ನಾಯಿಯನ್ನು ಹುನಗುಂದದ ರಸ್ತೆಯ ಮೇಲೆ ಅಡ್ಡಾಡಿಸಲು ಕರೆದೊಯ್ದಿದ್ದ. ಸರಪಳಿಯನ್ನು ಬಲಗೈಗೆ ಸುತ್ತಿಕೊಂಡಿದ್ದ. ಆಚೆ ಬದಿಯ ಹೊಲದಲ್ಲಿ ಮೊಲವೊಂದು ಎದ್ದಿತು. ತೂಫಾನ ಹಾರಿತು, ಅದೇ ಗಳಿಗೆಗೆ ಲಾರಿ ಬಂತು. ನಾಯಿ ಗಾಲಿಗೆ ಸಿಕ್ಕಿತು. ಸರಪಳಿಯೂ ಸಿಕ್ಕಿ ಇವನನ್ನು ಎಳೆದೊಯ್ದಿತು. ಲಾರಿಯವನು ನಿಲ್ಲಿಸಲೇ ಇಲ್ಲ. ಹುನಗುಂದದ ದವಾಖಾನೆಯವರು ಪಟ್ಟಿ ಕಟ್ಟಿ ಬಾಗಲಕೋಟೆಗೆ ಕಳಿಸಿದರು. ಅಲ್ಲಿ ಹೆಬ್ಬೆರಳೊಂದು ಉಳಿಯಿತು, ಮಿಕ್ಕ ಬೆರಳುಗಳನ್ನು ತೆಗೆದರು.

ಕೆಲವು ದಿನಗಳ ನಂತರ ಅಂದಪ್ಪನವರು ವಿಮೆ ಕಂಪನಿಯ ಅಧಿಕಾರಿಯನ್ನೂ ಒಬ್ಬ ಫೋಟೋದವನನ್ನೂ ಕರೆದುಕೊಂಡು ದವಾಖಾನೆಗೆ ಬಂದರು. ಬಿಟ್ಟ ನಾಯಿ ರಸ್ತೆಯಲ್ಲಿ ಸತ್ತರೆ ಕಂಪನಿ ಕೊಡುವುದಿಲ್ಲ. ನಾಯಿಯ ಸರಪಳಿ ಆಳಿನ ಕೈಯಲ್ಲೇ ಇತ್ತೆಂದು ತೋರಿಸಬೇಕಿತ್ತು.

"ಪಟ್ಟಿ ಬಿಚ್ಚಸ್ರಿ ಸಿಸ್ಟರ, ಒಂದ ಫೋಟೋ" ಎಂದರು ಅಂದಪ್ಪನವರು.

"ಗಾಯ ಇನ್ನೂ ಹಸಿ ಐತ್ರಿ" ಎಂದಳು ನರ್ಸ್.

"ಒಂದ ನಿಮಿಷದ ಕೆಲಸ."

ಪಟ್ಟಿ ಬಿಚ್ಚಿದರು. ರಂಜಾನಬಿ ಗೋಡೆಯ ಕಡೆ ಮುಖ ತಿರುಗಿಸಿದಳು. ಅಧಿಕಾರಿ ಮೈಸೂರಿನ ಕಡೆಯವರು, ಮೆಲ್ಲಗೆ ಕೇಳಿದರು: "ನಾಯಿ ಎಳೆದಾಗ ನೀವು ಸರಪಳಿ ಬಿಟ್ಟಿರಾ?"

"ಬಿಟ್ಟಿದ್ರ ಕೈ ಉಳೀತಿತ್ತಲ್ರಿ" ಎಂದ ನಜೀರಸಾಬ.

ಅಧಿಕಾರಿ ಅದನ್ನು ಹಾಗೆಯೇ ಬರೆದುಕೊಂಡರು. ಮಳೆಗಾಲ ಮುಗಿಯುವುದರೊಳಗೆ ಹಣ ಮಂಜೂರಾಯಿತು.

"ನೀವರ ಬಾಯಿ ಬಿಟ್ಟು ಕೇಳ್ರಿ" ಎಂದು ರಂಜಾನಬಿ ಬೆನ್ನು ಹತ್ತಿದಳು. ಅವನು ಹೋದ. ಅಂದಪ್ಪನವರು ಕಟ್ಟೆಯ ಮೇಲೆ ಕೂಡಿಸಿಕೊಂಡು ಚಹಾ ಕೊಡಿಸಿದರು, ಬೆನ್ನು ಚಪ್ಪರಿಸಿದರು.

"ನಿನ್ನ ಕೈ ನೋಡೇ ಕ್ಲೇಮ್ ಪಾಸ್ ಆತು ನೋಡ, ನಜೀರ."

"ನನ್ನ ಕೈಗೆ ಏನರ ಸಿಗ್ತೈತೇನ್ರಿ ಸಾವ್ಕಾರ್ರ?"

ಅಂದಪ್ಪನವರಿಗೆ ನಿಜಕ್ಕೂ ಆಶ್ಚರ್ಯವಾಯಿತು. "ನಿನಗ ಹೆಂಗ ಸಿಗ್ತೈತೋ? ಖಣಿ ಹಾಜರಿಯೊಳಗ ನಿನ್ನ ಹೆಸರಿಲ್ಲ. ಮನಿ ಆಳಿಗೆ ಯಾವ ಇನ್ಸೂರೆನ್ಸ್ ಐತಿ? ದವಾಖಾನಿ ಖರ್ಚು ನಾ ನೋಡ್ಕೊಂಡಿಲ್ಲೇನು? ನಾಯಿ ರೊಕ್ಕ ನಾಯಿಗೇ ಹೋಗಬೇಕು. ಮುಧೋಳಕ್ಕ ಹೇಳಿ ಕಳಿಸೇನಿ, ಮರಿ ಬರ್ತೈತಿ." ತುಸು ತಡೆದು ಹೇಳಿದರು: "ಒಂದ ಕೈಲೆ ಅದು ನಿಂದ್ರೂದಿಲ್ಲ. ಬ್ಯಾರೆಯವರನ್ನ ನೋಡೇನಿ."

ನಜೀರಸಾಬ ಎದ್ದ. ಕೇಳಬೇಕೆಂದು ಬಹಳ ದಿನದಿಂದ ಇಟ್ಟುಕೊಂಡಿದ್ದ ಮಾತೊಂದನ್ನು ಆಗ ಕೇಳಿದ.

"ತೂಫಾನನ್ನ ಎಲ್ಲಿ ಮಣ್ಣು ಮಾಡಿದ್ರಿ?"

"ದನದ ಡಾಕ್ಟರ್ ಕೊಯ್ದು ನೋಡಿ ಸರ್ಟಿಫಿಕೇಟ್ ಕೊಟ್ರು. ಆಮ್ಯಾಲ ಅವರ ಮಂದಿ ಎಲ್ಲೆರ ಒಗದಿರಬೇಕು."

ಅಷ್ಟು ದಿನ ತಡೆದುಕೊಂಡಿದ್ದ ಮನುಷ್ಯ ಅಂದು ಮನೆಗೆ ಬಂದು ಹೆಂಡತಿಯ ಮುಂದೆ ಅತ್ತ. "ನಾಯಿ ಸಲುವಾಗಿ ಅಳಾಕತ್ತೀರೋ, ಕೈ ಸಲುವಾಗೋ?" ಎಂದು ಅವಳು ಸಿಟ್ಟಿನಿಂದ ಕೇಳಿದಳು.

ಆಮೇಲೆ ಗಂಡಹೆಂಡಿರು ಇಲಕಲ್ಲಿನ ಬಸ್ ಸ್ಟ್ಯಾಂಡಿನ ಹೊರಗೆ ಹುರಿದ ಶೇಂಗಾ ಮಾರತೊಡಗಿದರು. ಅಳೆದು ಕೊಡುವುದು ಅವಳು, ಕೂಗುವುದು ಅವನು. ಒಂದು ಸಂಜೆ ಅಂದಪ್ಪನವರ ಜೀಪು ಅಲ್ಲಿ ನಿಂತಿತು. ಪಕ್ಕದಲ್ಲಿ ಕಲ್ಲು ಕೊಳ್ಳಲು ಬಂದ ಪರವೂರಿನ ವ್ಯಾಪಾರಿ ಕೂತಿದ್ದ.

"ಹೇಳಿದ್ನಲ್ಲ, ಇವನ ನೋಡ್ರಿ" ಎಂದರು ಅಂದಪ್ಪನವರು, ದನಿಯಲ್ಲಿ ಹೆಮ್ಮೆ ತುಂಬಿ. "ನನ್ನ ನಾಯಿ ಸಲುವಾಗಿ ಕೈ ಕೊಟ್ಟಾಂವ. ಇಂಥಾ ನಿಯತ್ತಿನ ಮಂದಿ ಈಗ ಸಿಗೂದಿಲ್ರಿ. ನಜೀರ, ತೋರಸ ಕೈ."

ವ್ಯಾಪಾರಿ ಜೀಪಿನಿಂದ ಬಗ್ಗಿ ನೋಡಿದ. ನಜೀರಸಾಬ ಅಭ್ಯಾಸಬಲದಿಂದ ಎದ್ದು ನಿಂತಿದ್ದ. ರಂಜಾನಬಿ ಅವನ ಅಂಗಿ ಹಿಡಿದು ಕೆಳಗೆ ಕೂಡಿಸಿದಳು.

"ಶೇಂಗಾ ಬೇಕಾಗಿದ್ರ ತಗೋರಿ" ಎಂದಳು. "ಇಲ್ಲಂದ್ರ ಗಾಡಿ ಮುಂದ ತಗೀರಿ, ಗಿರಾಕಿಗೆ ಅಡ್ಡ ಆಗ್ತೈತಿ."