ಒಂದು ಶಬ್ದದ ತಪ್ಪು

ಕೆಮ್ಮಣ್ಣಿನ ಫೌಸ್ಟಿನ್ ಕ್ವಾಡ್ರಸ್ ಇಪ್ಪತ್ತೆರಡು ವರ್ಷ ಉಡುಪಿಯ ಒಂದು ರಕ್ತಪರೀಕ್ಷಾ ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನೋಡಿಕೊಂಡವರು. ಎಲ್ಲ ರಿಪೋರ್ಟುಗಳೂ ಹಾದುಹೋಗುತ್ತಿದ್ದ, ಲಿನಕ್ಸ್ ತಂತ್ರಾಂಶದ ಸರ್ವರ್ ಅವರ ವಶದಲ್ಲಿತ್ತು. ಅದಕ್ಕೆ ಏನಾದರೂ ಆದರೆ ಮ್ಯಾನೇಜರ್ ಕೃಷ್ಣರಾಜರು ಮೊದಲು ಕೇಳುತ್ತಿದ್ದುದು, "ಫೌಸ್ಟಿನ್ ಎಲ್ಲಿ?"

ಲ್ಯಾಬಿಗೆ ಹೊಸ ಆವೃತ್ತಿಯ ಲಿನಕ್ಸ್ ಬಂದ ವರ್ಷ ಮಾತ್ರ ಅವರು ತಬ್ಬಿಬ್ಬಾದರು. ಯಂತ್ರದ ನೆಟ್‌ವರ್ಕ್ ವಿಳಾಸ ನೋಡಲು ಕಣ್ಣುಮುಚ್ಚಿ ಹೊಡೆಯುತ್ತಿದ್ದ 'ಇಫ್‌ಕಾನ್ಫಿಗ್' ಎಂಬ ಆಜ್ಞೆ ಹೊಡೆದರೆ, ಅಂಥದ್ದು ಇಲ್ಲವೇ ಇಲ್ಲ ಎಂದಿತು ಯಂತ್ರ. ಎರಡು ಸಲ ಹೊಡೆದರು, ಮೂರು ಸಲ ಹೊಡೆದರು. ಬನ್ನಂಜೆಯಿಂದ ಬರುತ್ತಿದ್ದ ಸಹಾಯಕಿ ಹರಿಪ್ರಿಯಾ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದಳು: "ಸರ್, ಅದು ಈಗ ತಾನಾಗಿ ಬರುವುದಿಲ್ಲ. ಬರೀ 'ಐಪಿ' ಅಂತ ಹೊಡೆದು ಮುಂದೆ 'ಅಡ್ರ್' ಅಂತ ಹಾಕಿ. ನಿಮಗೆ ಬೇಕಾದ್ದೆಲ್ಲ ಅದರಲ್ಲೇ ಉಂಟು."

ಬೇರೆ ಯಾರಾದರೂ ಹೇಳಿದ್ದರೆ ಫೌಸ್ಟಿನ್ ಮುಖ ಗಂಟಿಕ್ಕುತ್ತಿದ್ದರೋ ಏನೋ. ಅವಳು ಹೇಳಿದ ರೀತಿಯಲ್ಲಿ ನಗುವ ಸೂಚನೆ ಇರಲಿಲ್ಲ. ಒಂದು ವಾರ ಅವಳ ಹತ್ತಿರ ಕೂತು ಕಲಿತರು. ಆದರೂ ಅವಳು ಅವರನ್ನು ಗುರು ಎಂದೇ ಕರೆಯುತ್ತಿದ್ದಳು.

೨೦೧೮ರ ಮೇ ತಿಂಗಳಲ್ಲಿ ಸಿಡಿಲು ಹೊಡೆದು ಸರ್ವರಿನ ನೆಟ್‌ವರ್ಕ್ ಕಾರ್ಡ್ ಸುಟ್ಟುಹೋಯಿತು. ಫೌಸ್ಟಿನ್ ಹೊಸ ಕಾರ್ಡ್ ಹಾಕಿದರು. ಲಿನಕ್ಸ್ ಅದಕ್ಕೆ ಬೇರೆ ಹೆಸರು ಕೊಟ್ಟಿತ್ತು. ಕಾರ್ಡಿಗೆ ನೆಟ್‌ವರ್ಕ್ ವಿಳಾಸವನ್ನು ಆಜ್ಞೆಯ ಮೂಲಕ ನೇರ ಕೊಟ್ಟರೆ ಆ ಕ್ಷಣಕ್ಕೆ ಕೆಲಸ ನಡೆಯುತ್ತದೆ. ಯಂತ್ರ ಒಮ್ಮೆ ಆರಿ ಹೊತ್ತಿತೆಂದರೆ ಅಳಿಸಿಹೋಗುತ್ತದೆ. ಉಳಿಯಬೇಕಾದರೆ ನೆಟ್‌ವರ್ಕಿನ ವಿವರಗಳಿರುವ ಫೈಲಿನಲ್ಲಿ ಹಳೆಯ ಕಾರ್ಡಿನ ಹೆಸರು ತೆಗೆದು ಹೊಸದನ್ನು ಬರೆಯಬೇಕು. ಒಂದೇ ಒಂದು ಶಬ್ದ. ಫೌಸ್ಟಿನ್ ಆಜ್ಞೆ ಕೊಟ್ಟರು, ರಿಪೋರ್ಟುಗಳು ಓಡತೊಡಗಿದವು. ಊಟ ಮಾಡಿ ಬಂದು ಬರೆಯೋಣ ಎಂದು ಎದ್ದವರು ಮರೆತೇಬಿಟ್ಟರು.

ಮೂರು ವಾರ ಕಳೆದ ಮೇಲೆ ಕಾರ್ಕಳದಲ್ಲಿ ಹೆಂಡತಿ ಝೀಟಾಳ ಅಣ್ಣನ ಮಗಳ ಮದುವೆ. ಬ್ಯಾಂಡಿನ ಗದ್ದಲದಲ್ಲಿ ಕಿಸೆಯ ಫೋನು ಹನ್ನೊಂದು ಸಲ ಬಡಿದುಕೊಂಡದ್ದು ಫೌಸ್ಟಿನ್‌ಗೆ ಕೇಳಲಿಲ್ಲ. ಕಂಡಾಗ ಎರಡು ಗಂಟೆ ದಾಟಿತ್ತು. ಕೋಟು ತೊಟ್ಟುಕೊಂಡೇ ಬಸ್ಸು ಹತ್ತಿದರು.

ಲ್ಯಾಬಿನ ಕೌಂಟರಿನಲ್ಲಿ ಜನ ಕೂಗಾಡುತ್ತಿದ್ದರು. ಕರೆಂಟು ಹೋಗಿ, ಯುಪಿಎಸ್ಸೂ ಕೈಕೊಟ್ಟು, ಸರ್ವರ್ ಆರಿ ಹೊತ್ತಿತ್ತು. ಬೆಳಗ್ಗಿನಿಂದ ಒಂದು ರಿಪೋರ್ಟೂ ಹೊರಗೆ ಹೋಗಿರಲಿಲ್ಲ. ಯಾವುದೋ ಆಸ್ಪತ್ರೆಯಲ್ಲಿ ಒಂದು ಆಪರೇಷನ್ನು ಮರುದಿನಕ್ಕೆ ಹೋಗಿತ್ತು. ಹರಿಪ್ರಿಯಾಳ ಮುಖ ಬಿಳಿಚಿತ್ತು.

ಫೌಸ್ಟಿನ್ ಫೈಲು ತೆರೆದರು. ಹಳೆಯ ಹೆಸರು ಹಾಗೇ ಕೂತಿತ್ತು. ಕಾರ್ಡಿನ ಹೆಸರು ಬದಲಾದದ್ದು ಅವರೊಬ್ಬರಿಗೇ ಗೊತ್ತಿತ್ತು. ಆ ಶಬ್ದ ತಿದ್ದಿ ಯಂತ್ರವನ್ನು ಮತ್ತೆ ಹೊತ್ತಿಸಿದರು. ಐದು ನಿಮಿಷದಲ್ಲಿ ಎಲ್ಲ ಸರಿಯಾಯಿತು.

"ಎಂತ ಆಗಿತ್ತು ಮಾರಾಯ್ರೆ?" ಕೃಷ್ಣರಾಜರು ಕೇಳಿದರು.

"ಫೈಲಿನಲ್ಲಿ ಒಂದು ತಪ್ಪು ಇತ್ತು."

"ಇವತ್ತು ಆ ಫೈಲು ಮುಟ್ಟಿದ್ದು ಯಾರು?"

"ನಾನು ಸರ್," ಎಂದಳು ಹರಿಪ್ರಿಯಾ. ಆ ಬೆಳಗ್ಗೆ ಮದುವೆಗೆ ಹೊರಡುವ ಮೊದಲು ಫೋನು ಮಾಡಿ, ಅದೇ ಫೈಲಿನಲ್ಲಿ ಬೇರೊಂದು ಸಾಲು ಬದಲಿಸಲು ಹೇಳಿದ್ದವರು ಫೌಸ್ಟಿನ್ನೇ. "ಕೈತಪ್ಪಿ ಎಂತಾದರೂ ಅಳಿಸಿಹೋಗಿರಬೇಕು."

ಅಲ್ಲ ಎನ್ನಲು ಫೌಸ್ಟಿನ್‌ಗೆ ಒಂದು ಉಸಿರಿನಷ್ಟು ಹೊತ್ತು ಸಾಕಿತ್ತು. ಕೃಷ್ಣರಾಜರು ಅವರ ಹೆಗಲ ಮೇಲೆ ಕೈಯಿಟ್ಟು, "ಮದುವೆ ಬಿಟ್ಟು ಬಂದಿರಲ್ಲ, ದೊಡ್ಡ ಉಪಕಾರ," ಎಂದರು. ಆ ಹೊತ್ತು ದಾಟಿಹೋಯಿತು.

ಹರಿಪ್ರಿಯಾಳನ್ನು ಸರ್ವರಿನ ಕೆಲಸದಿಂದ ತೆಗೆದು ರಕ್ತದ ಬಾಟಲಿಗಳಿಗೆ ಚೀಟಿ ಅಂಟಿಸುವ ಕೌಂಟರಿಗೆ ಹಾಕಿದರು. ಸೋಮವಾರ ಹೇಳುತ್ತೇನೆ ಎಂದುಕೊಂಡರು ಫೌಸ್ಟಿನ್. ಆಮೇಲೆ ಕ್ರಿಸ್ಮಸ್ ಮುಗಿಯಲಿ ಎಂದುಕೊಂಡರು. ಸರ್ವರ್ ನಿಂತ ದಿನದಿಂದ ಎಂಟನೆಯ ತಿಂಗಳಿಗೆ ಅವಳು ಕೆಲಸ ಬಿಟ್ಟಳು. ಹೊರಡುವಾಗ ಅವರ ಕಾಲು ಮುಟ್ಟಲು ಬಗ್ಗಿದಳು. ಅವರು ಹಿಂದೆ ಸರಿದದ್ದು ಸಂಕೋಚದಿಂದ ಎಂದು ಎಲ್ಲರೂ ತಿಳಿದರು.

ಫೌಸ್ಟಿನ್ ನಿವೃತ್ತರಾದ ಮರುವರ್ಷ ಅವಳಿಂದ ಫೋನು ಬಂತು. ಕಾಪುವಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಮಾಡುತ್ತಿದ್ದಳು. "ಸರ್, ನನ್ನ ವಿದ್ಯಾರ್ಥಿಗಳಿಗೆ ನೀವೊಮ್ಮೆ ಬಂದು ನಾಲ್ಕು ಮಾತು ಹೇಳಬೇಕು." ಇಲ್ಲ ಎನ್ನಲು ಅವರಿಗೆ ಬಾಯಿ ಬರಲಿಲ್ಲ.

ಹದಿನೈದು ಹುಡುಗಿಯರ ತರಗತಿ. ಹರಿಪ್ರಿಯಾ ಅವರನ್ನು ಪರಿಚಯಿಸಿ ಹೇಳಿದಳು: "ನಾನು ಒಮ್ಮೆ ಒಂದು ಫೈಲು ಹಾಳುಮಾಡಿ ಇಡೀ ಲ್ಯಾಬನ್ನು ನಿಲ್ಲಿಸಿದ್ದೆ. ಸರ್ ಬಂದು ಸರಿಮಾಡಿದರು. ನನಗೆ ಒಂದು ಮಾತು ಬಯ್ಯಲಿಲ್ಲ. ಫೈಲು ಮುಟ್ಟುವ ಮೊದಲು ಹತ್ತು ಸಲ ಯೋಚಿಸಬೇಕು ಅಂತ ಅವತ್ತು ಕಲಿತೆ."

ಫೌಸ್ಟಿನ್ ಏನು ಪಾಠ ಹೇಳಿದರೋ ಅವರಿಗೇ ನೆನಪಿಲ್ಲ. ಮುಗಿದ ಮೇಲೆ ವರಾಂಡದಲ್ಲಿ ನಿಂತು, ಕಾರ್ಡು ಬದಲಿಸಿದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದರು. "ತಪ್ಪು ನನ್ನದು ಹರಿಪ್ರಿಯಾ. ನಿನ್ನದು ಒಂದು ಅಕ್ಷರವೂ ಅಲ್ಲ."

ಅವಳು ತರಗತಿಯ ಬಾಗಿಲನ್ನು ಎಳೆದು ಮುಚ್ಚಿದಳು.

"ಮಣಿಪಾಲದ ಒಂದು ಆಸ್ಪತ್ರೆಯಿಂದ ಕೆಲಸಕ್ಕೆ ಎರಡು ಸಲ ಕರೆದಿದ್ದರು ಸರ್. ಸರ್ವರ್ ಕೆಲಸ ಅಂತ ನಾನೇ ಹೋಗಲಿಲ್ಲ. ಮತ್ತೆ ಎಲ್ಲಿ ಹಾಳುಮಾಡುತ್ತೇನೋ ಅಂತ ಹೆದರಿಕೆ."

"ನಾನೇ ಹೋಗಿ ಮಣಿಪಾಲದವರ ಹತ್ತಿರ ಮಾತಾಡುತ್ತೇನೆ."

"ಈಗ ಬೇಡ." ಅವಳ ದನಿ ಏರಲಿಲ್ಲ. "ನೀವು ಅವತ್ತು ಬಯ್ದಿದ್ದರೂ ನನಗೆ ಬೇಸರ ಆಗ್ತಿರಲಿಲ್ಲ. ಬಯ್ಯಲಿಲ್ಲ ಅಂತ ಎಷ್ಟು ಜನರ ಹತ್ತಿರ ನಿಮ್ಮನ್ನು ಹೊಗಳಿದ್ದೇನೆ, ಗೊತ್ತುಂಟಾ?" ಎಂದವಳು, "ಮಕ್ಕಳು ಕಾಯ್ತಿದ್ದಾರೆ," ಎಂದು ಒಳಗೆ ನಡೆದಳು.

ಮರುದಿನವೇ ಫೌಸ್ಟಿನ್ ಕೃಷ್ಣರಾಜರಿಗೆ ಎರಡು ಪುಟದ ಕಾಗದ ಬರೆದರು. ವಾರದ ನಂತರ ಅವರು ಫೋನು ಮಾಡಿದರು: "ಆ ಸರ್ವರನ್ನೇ ತೆಗೆದಾಯ್ತು ಮಾರಾಯ್ರೆ. ಆರು ವರ್ಷದ ಮೇಲೆ ಎಂತಕ್ಕೆ ಇದೆಲ್ಲ?"

"ಅವಳಿಗೆ ಒಂದು ಮಾತು ಹೇಳಿ. ತಪ್ಪು ಅವಳದ್ದಲ್ಲ ಅಂತ ನಿಮ್ಮ ಬಾಯಿಂದ ಬರಬೇಕು."

"ನೋಡುವ," ಎಂದರು ಕೃಷ್ಣರಾಜರು.

ಅವರು ಹೇಳಿದರೋ ಇಲ್ಲವೋ ಫೌಸ್ಟಿನ್‌ಗೆ ತಿಳಿಯದು. ಫೋನು ಮಾಡಿ ಕೇಳಿ ಎಂದು ಝೀಟಾ ಆಗಾಗ ಹೇಳುತ್ತಾಳೆ. ಹರಿಪ್ರಿಯಾಳ ನಂಬರು ಅವರ ಬಳಿ ಇದೆ. ಅವರು ಇನ್ನೂ ಕೇಳಿಲ್ಲ.