ಸರ್ಪಸುತ್ತಿಗೆ ಹಚ್ಚಿದ ಕೆಮ್ಮಣ್ಣು

ಕಳೆದ ವಾರ ಸ್ನಾನ ಮಾಡುವಾಗ ಪಕ್ಕೆಯ ಮೇಲೆ ಸಣ್ಣ ಗುಳ್ಳೆಗಳ ಸಾಲೊಂದು ಕೈಗೆ ತಗುಲಿತು. ಮುಟ್ಟಿದರೆ ಬೆಂಕಿ. ವಿಜಯನಗರದ ನಮ್ಮ ಡಾಕ್ಟರಮ್ಮ ನೋಡಿ, “ಸರ್ಪಸುತ್ತು ಸಾರ್. ಚಿಕ್ಕಂದಿನಲ್ಲಿ ಅಮ್ಮ ಆಗಿರತ್ತಲ್ಲ, ಅದೇ ವೈರಸ್ಸು ಮೈಯಲ್ಲಿ ಮಲಗಿರತ್ತೆ. ಶಕ್ತಿ ಕುಂದಿದಾಗ ಏಳತ್ತೆ” ಎಂದು ಮಾತ್ರೆ ಬರೆದರು. ಆಮೇಲೆ ಮಾಮೂಲಿನ ದನಿಯಲ್ಲೇ, “ಎಚ್‌ಐವಿ ಟೆಸ್ಟೂ ಒಂದು ಮಾಡಿಸ್ಬಿಡಿ. ಯಾವಾಗಾದ್ರೂ ರಕ್ತ ಹಾಕಿಸ್ಕೊಂಡಿದ್ರಾ?” ಎಂದರು. ನಾನು ಇಲ್ಲವೆಂದೆ. ಆದರೆ ಆ ಪ್ರಶ್ನೆ ಕೇಳಿದ ಕೂಡಲೇ ಗಂಗಾಧರ ಮಾವ ನೆನಪಾದ.

ಮಾವನೆಂದರೆ ಅಮ್ಮನ ತಮ್ಮ, ಕಾರ್ಖಾನೆಯಲ್ಲಿ ಫಿಟ್ಟರ್. ಎಂಬತ್ತರ ದಶಕದ ಕೊನೆಯಲ್ಲಿ ಅವನಿಗೆ ಸೊಂಟದ ಸುತ್ತ ಸರ್ಪಸುತ್ತು ಎದ್ದಿತು. ನಮ್ಮದೋ ಅನುಮಾನದ ವಂಶ. ರಾಜಾಜಿನಗರದ ನಮ್ಮ ಮನೆಯಲ್ಲಿ ಹಾಲಿನವನು ನಕ್ಕರೆ ಅವತ್ತು ನೀರು ಜಾಸ್ತಿ ಎಂದೇ ಅರ್ಥ. ನಾನೂ ಸಾಮಾನ್ಯನಲ್ಲ, ಬೀಗ ಹಾಕಿದೆನೋ ಇಲ್ಲವೋ ಎಂದು ಈಗಲೂ ಬೀದಿಯ ಕೊನೆಯಿಂದ ವಾಪಸು ಬರುವವನು. ಹಾಗಾಗಿ ಸರ್ಪಸುತ್ತಿನ ಮೂಲ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮಾವ ಅತ್ತಿಗುಪ್ಪೆಯಲ್ಲಿ ಮನೆ ಕಟ್ಟುವಾಗ ಸೈಟಿನಲ್ಲಿದ್ದ ಹುತ್ತವನ್ನು ಕೆಡವಿಸಿದ್ದ. ನಾಗದೋಷವೆಂದು ಎಲ್ಲರೂ ತೀರ್ಪು ಕೊಟ್ಟರು. ನಾಗರಕಲ್ಲಿಗೆ ಹಾಲೆರೆದದ್ದೂ ಆಯಿತು.

ಅವನ ಹೆಂಡತಿ ಸರೋಜತ್ತೆ ಕೆಮ್ಮಣ್ಣು ಕಲಸಿ ಗುಳ್ಳೆಗಳ ಮೇಲೆ ಬರಿಗೈಯಲ್ಲೇ ಹಚ್ಚುತ್ತಿದ್ದಳು. ನೋಡಲು ಬಂದವರು ಕಾಫಿಗಿಂತ ಮೊದಲು ಮಾವನ ಅಂಗಿ ಎತ್ತಿಸುತ್ತಿದ್ದರು. ಹಾವಿನ ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲವೆಂಬ ನಂಬಿಕೆಯಿತ್ತಲ್ಲ, ಇನ್ನೆಷ್ಟು ದೂರವಿದೆ ಎಂದು ಅವರಿಗೆ ತಿಳಿಯಬೇಕಿತ್ತು. ಮಾವ ನಗುತ್ತಲೇ ತೋರಿಸುತ್ತಿದ್ದ.

ಅದು ವಾಸಿಯಾಯಿತು. ಕೆಲವೇ ತಿಂಗಳಲ್ಲಿ ಇನ್ನೊಂದು ಪಕ್ಕದಲ್ಲಿ ಎದ್ದಿತು, ಜೊತೆಗೆ ಕಾಮಾಲೆ. ಕೆಂಗೇರಿಯ ಕಡೆಯ ನಾಟಿ ಔಷಧಿಗೂ ಬಗ್ಗದಿದ್ದಾಗ ಆಸ್ಪತ್ರೆಗೆ ಸೇರಿಸಿದರು. ರಕ್ತ ಪರೀಕ್ಷೆಯಾಯಿತು. ಆಗಷ್ಟೇ ಪೇಪರಿನಲ್ಲಿ ಕಾಣತೊಡಗಿದ್ದ ಏಡ್ಸ್ ಎಂಬ ಹೆಸರು ನಮ್ಮ ಮನೆಯೊಳಕ್ಕೇ ಬಂದು ಕೂತಿತು.

ಅನುಮಾನ ಅವತ್ತೇ ಹುತ್ತ ಬಿಟ್ಟು ಮಾವನ ಮೇಲೆ ಹರಿಯಿತು. ಅವನು ಕಂಪನಿ ಕೆಲಸಕ್ಕೆಂದು ಆಗಾಗ ಬೊಂಬಾಯಿಗೆ ಹೋಗುತ್ತಿದ್ದ. “ಟ್ರೈನಿಂಗಂತೆ ಟ್ರೈನಿಂಗು. ಏನು ಕಲಿತು ಬಂದ ಅಂತ ಈಗ ಗೊತ್ತಾಯ್ತಲ್ಲ” ಎಂದ ಅಪ್ಪ, ಅವನಿಗೆಂದು ಬೇರೆ ಲೋಟ ತೆಗೆದಿಡಿಸಿದರು. ಅತ್ತೆಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ಸಂತೋಷಪಡುವುದು ಬಿಟ್ಟು, ಹಾಗಾದರೆ ಗಂಡ ಹೆಂಡಿರ ನಡುವೆ ಏನೋ ಸರಿಯಿರಲಿಲ್ಲವೆಂದು ಪಿಸುಗುಟ್ಟಿದೆವು. ಕಾಮಾಲೆಯಾದವನಿಗೆ ಕಂಡದ್ದೆಲ್ಲಾ ಹಳದಿ ಅನ್ನುತ್ತಾರೆ. ನಮ್ಮಲ್ಲಿ ಕಾಮಾಲೆ ಮಾವನಿಗೆ, ಹಳದಿ ಕಂಡದ್ದು ಮಾತ್ರ ನಮಗೆ.

ಆಸ್ಪತ್ರೆಯಿಂದ ಮನೆಗೆ ಕಳಿಸಿದ ಮೇಲೆ ಒಂದು ಮಧ್ಯಾಹ್ನ, ನಾನು ಅವರ ಮನೆಯಲ್ಲಿದ್ದಾಗಲೇ ಮಾವ ಹೇಳಿದ: “ಸರೋಜ, ನಿನ್ನಾಣೆ, ನಾನು ಅಂಥ ಕಡೆ ಎಲ್ಲೂ ಹೋದೋನಲ್ಲ. ಊರೋರು ನಂಬೋದು ಬೇಡ. ನೀನೊಬ್ಳು ನಂಬಿದೀನಿ ಅನ್ನು, ಸಾಕು.”

ಅತ್ತೆ ಅವನನ್ನು ಮಗ್ಗುಲಿಗೆ ಹೊರಳಿಸಿ ಕೆಮ್ಮಣ್ಣು ಹಚ್ಚುವುದನ್ನು ಮುಂದುವರಿಸಿದಳು. ಆಮೇಲೆ ಅಡುಗೆಮನೆಯಲ್ಲಿ ಮೆಲ್ಲಗೆ ಕೇಳಿದೆ, “ನಂಬ್ತೀಯಾ ಅತ್ತೆ?”

“ಗೊತ್ತಿಲ್ಲ ಕಣೋ. ಹಚ್ಚೋಕಂತೂ ಯಾರಾದ್ರೂ ಬೇಕಲ್ಲ” ಎಂದು ಕೈ ತೊಳೆದುಕೊಂಡಳು.

ಆ ಒಂದು ಮಾತಿಗಾಗಿ ಮಾವ ಅವಳ ಮುಖವನ್ನೇ ನೋಡುತ್ತಾ ಮಲಗಿರುತ್ತಿದ್ದ. ಅದು ಸಿಗುವ ಮುಂಚೆಯೇ ಹೋದ.

ಮೊನ್ನೆ ಮತ್ತೆ ತೋರಿಸಲು ಹೋದಾಗ, ನನ್ನ ಟೆಸ್ಟಿನಲ್ಲಿ ಏನೂ ಇಲ್ಲವೆಂದ ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಿದೆ. ಮಾವನಿಗೆ ಅದಕ್ಕೂ ಮೊದಲು ಸ್ಕೂಟರಿನಿಂದ ಬಿದ್ದು ತೊಡೆಯ ಆಪರೇಷನ್ ಆಗಿತ್ತೆಂದಾಗ ಅವರು ಪೆನ್ನು ಕೆಳಗಿಟ್ಟರು. “ಆಗ ರೋಗಿಗೆ ಹಾಕೋ ರಕ್ತಾನ ಟೆಸ್ಟ್ ಮಾಡ್ತಿರ್ಲಿಲ್ಲ ಸಾರ್. ಕಾಮಾಲೆದು, ಎಚ್‌ಐವಿದು, ಎರಡು ವೈರಸ್ಸೂ ಒಂದೇ ಬಾಟ್ಲಲ್ಲಿ ಬಂದಿರಬಹುದು. ಹಾಗೇ ಅಂತ ಈಗ ಹೇಳೋಕಾಗಲ್ಲ” ಎಂದರು.

ನೇರವಾಗಿ ಅತ್ತಿಗುಪ್ಪೆಗೆ ಹೋದೆ. ಅತ್ತೆಗೆ ಈಗ ಎಂಬತ್ತರ ಹತ್ತಿರ. ದೊಡ್ಡ ಸುದ್ದಿ ತಂದವನಂತೆ ಎಲ್ಲ ಹೇಳಿದೆ. ಅವಳು ಸೊಪ್ಪು ಬಿಡಿಸುತ್ತಲೇ ಕೇಳಿಸಿಕೊಂಡಳು.

“ಗೊತ್ತು ಕಣೋ. ಟೆಸ್ಟ್ ಮಾಡ್ದೆ ರಕ್ತ ಕೊಡಬಾರದು ಅಂತ ಪೇಪರಲ್ಲಿ ಬಂತಲ್ಲ, ಆಗ್ಲೇ ಹೊಳೀತು. ಅವತ್ತು ಆಪರೇಷನ್‌ಗೆ ರಕ್ತ ಸಿಗ್ದೆ ಒದ್ದಾಡ್ತಿದ್ವಿ. ಆಸ್ಪತ್ರೆ ಗೇಟಿನ ಹತ್ರ ರಕ್ತ ಮಾರೋರು ನಿಂತಿರ್ತಿದ್ರು. ಒಬ್ಬನ್ನ ಹುಡುಕಿ ಕರ್ಕೊಂಡು ಬಂದಿದ್ದು ನಿಮ್ಮಪ್ಪ.”

“ಅಪ್ಪ ಕೊನೇವರೆಗೂ ಮಾವನ್ನ ಬೈತಾನೇ ಇದ್ರಲ್ಲ ಅತ್ತೆ. ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನಿಮ್ಮಪ್ಪ ಉಳೀತಿದ್ರಾ? ಜೀವ ಉಳಿಸೋಕೆ ಓಡಾಡಿದ್ದಲ್ವಾ ಅವ್ರು.” ಬಿಡಿಸಿದ ಸೊಪ್ಪನ್ನು ಪಕ್ಕಕ್ಕಿಟ್ಟು ಅಂದಳು, “ನಂಬಿದೀನಿ ಅಂತ ಹೇಳಬೇಕಾಗಿದ್ದು ನಿಮ್ಮ ಮಾವಂಗೆ. ನಂಗೆ ತಿಳಿಯೋ ಹೊತ್ತಿಗೆ ಅವರೇ ಇರಲಿಲ್ಲ. ಇನ್ಯಾರಿಗೆ ಹೇಳಿ ಏನಾಗಬೇಕಿತ್ತು?”

ಅಪ್ಪ ಈಗಿಲ್ಲ. ಯಾವ ಬಾಟಲಿ, ಯಾರ ರಕ್ತ ಎಂಬುದಕ್ಕೆ ಪುರಾವೆಯೂ ಇಲ್ಲ. ಪುರಾವೆಯಿಲ್ಲದೆ ಹಾಲಿನವನನ್ನೂ ನಂಬದ ವಂಶದವನು ನಾನು. ಅತ್ತೆಯ ಎದುರಿಗೆ ಕೂತು, ಮಾವ ನಿಜವನ್ನೇ ಹೇಳಿದ್ದ ಎಂದು ಗಟ್ಟಿಯಾಗಿ ಅಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, “ಇನ್ನೊಂದ್ಸಲ ಅನ್ನು” ಎಂದಳು.